ಸೂಜಿಯ ಮೇಲೆ ಬಂದ ದೂರು

ಅರುಣಾ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. "ಮೇಡಂ, ನಾಳೆ ಬೆಳಿಗ್ಗೆ ಸಿದ್ಧಾರ್ಥ ಅವ್ರ ಕ್ಲಿನಿಕ್ಕಿಗೆ ನಮ್ಮ ಮಾವ ಬೀಗ ಹಾಕಿಸ್ತಾರಂತೆ. ಅಷ್ಟರಲ್ಲಿ ಏನಾದ್ರೂ ಮಾಡಿ," ಎಂದಳು.

2003ರ ಬೇಸಿಗೆ ಅದು. ಮಾಲಿನಿ ಅರಸೀಕೆರೆ ಕೋರ್ಟಿನಲ್ಲಿ ವಕೀಲೆ. ಊರಿನಲ್ಲಿ ಯಾರಿಗೂ ಬಿಡಿಸಲಾಗದ ಗಂಟುಗಳೆಲ್ಲ ಕೊನೆಗೆ ಅವಳ ಬಾಗಿಲಿಗೇ ಬರುತ್ತಿದ್ದವು. ನಾನು, ಭಾಗ್ಯ, ಅವಳ ಮಹಡಿಯ ಬಾಡಿಗೆದಾರಳು. ಬ್ಯಾಂಕಿನ ಕೆಲಸ ಮುಗಿದರೆ ಅವಳ ಸ್ಕೂಟರಿನ ಹಿಂದಿನ ಸೀಟು ನನ್ನದು.

ಅರುಣಾ ಕೊಬ್ಬರಿ ಮಂಡಿ ದೇವೀರಪ್ಪನವರ ಸೊಸೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಬೆಂಗಳೂರಿನ ಡಾಕ್ಟರಮ್ಮ ಒಬ್ಬರ ಬಳಿ ಪ್ರಣಾಳ ಶಿಶು ಚಿಕಿತ್ಸೆ ನಡೆಯುತ್ತಿತ್ತು. ಅವರಿಗೆ ತಿಳಿಸಿಯೇ ಅವಳು ಪ್ರತಿ ಬುಧವಾರ ಸಿದ್ಧಾರ್ಥನ ಬಳಿ ಅಕ್ಯುಪಂಕ್ಚರ್ ಸೂಜಿ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದಳು. ಈಗ ಚಿಕಿತ್ಸೆ ನಡುವೆಯೇ ಕೈಕೊಟ್ಟಿತ್ತು. ಅದಕ್ಕೆಲ್ಲ ಸೂಜಿಯೇ ಕಾರಣವೆಂದು ಅತ್ತೆ ಊರೆಲ್ಲ ಸಾರಿದ್ದರು. ಕ್ಲಿನಿಕ್ ಇದ್ದದ್ದೂ ದೇವೀರಪ್ಪನವರ ಮಳಿಗೆಯಲ್ಲೇ.

"ಸೂಜಿಯಿಂದ ಮಗು ಆಗುತ್ತೆ ಅಂದಿದ್ನಾ ಸಿದ್ಧಾರ್ಥ?" ಎಂದು ಮಾಲಿನಿ ಕೇಳಿದಳು.

"ಯಾವತ್ತೂ ಇಲ್ಲ. ನಿದ್ದೆ ಬರುತ್ತೆ, ಭಯ ಸ್ವಲ್ಪ ಇಳಿಯುತ್ತೆ ಅಂದ್ರು, ಅಷ್ಟೇ. ನಿಜವಾಗ್ಲೂ ಇಳೀತು. 'ಏನಾದ್ರೂ ವಿಶೇಷ ಇದೆಯಾ' ಅಂತ ಯಾರೂ ಕೇಳದ ಜಾಗ ನನಗೆ ಈ ಊರಲ್ಲಿ ಅದೊಂದೇ ಮೇಡಂ. ಅದನ್ನೂ ಮುಚ್ಚಿಸ್ತಾರಂತೆ!"

"ಡಾಕ್ಟರಮ್ಮ ಏನಂದ್ರು?"

"ಮೊದಲ ಸ್ಕ್ಯಾನಲ್ಲಿ ಅಂಡಗಳು ಚೆನ್ನಾಗಿ ಬೆಳೀತಿದ್ವು. ಎರಡನೇದ್ರಲ್ಲಿ ಬೆಳವಣಿಗೆ ನಿಂತೇ ಹೋಗಿತ್ತು. ಔಷಧಿ ಮೈಗೆ ಹೋದ ಹಾಗೇ ಇಲ್ಲ ಅಂದ್ರು."

"ನಡುವೆ ಮನೇಲಿ ಏನು ನಡೀತು?"

"ಬೇಲೂರು ಹಳೇಬೀಡು ನೋಡೋಕೆ ಅಂತ ದಾವಣಗೆರೆ ನೆಂಟರು ಬಂದು ಎರಡು ದಿನ ಇದ್ರು. ಆ ಎರಡು ದಿನದ ಇಂಜೆಕ್ಷನ್ನನ್ನ ಮೊದಲೇ ನರ್ಸ್ ಮನೇಲಿ ಇಟ್ಟು ಅಲ್ಲೇ ಹಾಕಿಸ್ಕೊಂಡೆ. ಉಳಿದದ್ದೆಲ್ಲ ನಮ್ಮ ಫ್ರಿಜ್ಜಲ್ಲೇ ಇತ್ತು."

"ಕೊರತೆ ಯಾರದು ಅಂತ ಡಾಕ್ಟರಮ್ಮ ಹೇಳಿದಾರಾ?"

ಅರುಣಾ ಕಿಟಕಿಯ ಕಡೆ ತಿರುಗಿದಳು. "ಅದು ಬೇಡ ಮೇಡಂ."

ಅವಳು ತಂದಿದ್ದ ಔಷಧಿಯ ಡಬ್ಬವನ್ನು ಮಾಲಿನಿ ಬಿಚ್ಚಿ ಅದರ ರಟ್ಟಿನ ಮಡಿಕೆಯೊಳಗೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು. ಮೂಸಿ ನೋಡಿ ನನ್ನ ಮೂಗಿಗೂ ಹಿಡಿದಳು. ಹೊಗೆಯ ವಾಸನೆ.

"ಇಲ್ಲಣ ಕಣೇ. ಒಲೆ ಮೇಲಿನ ಸೂರಲ್ಲಿ ಕಟ್ಟುತ್ತಲ್ಲ, ಆ ಕರಿ. ಫ್ರಿಜ್ಜಲ್ಲಿ ಯಾರಾದ್ರೂ ಒಲೆ ಹಚ್ತಾರಾ?"

ಸಂಜೆ ದೇವೀರಪ್ಪನವರ ಮನೆಗೆ ಹೋದೆವು. ಹಜಾರದಲ್ಲಿ ಎಲ್ಲರಿಗೂ ಕಾಣುವಂತೆ ಫ್ರಿಜ್ಜು ನಿಂತಿತ್ತು. ಅತ್ತೆ ಮಹದೇವಮ್ಮ ಅಡುಗೆಮನೆಯಲ್ಲಿ ಮಣೆಯಿಂದ ಏಳಲು ಗೋಡೆ ಹಿಡಿದುಕೊಂಡರು. ಮಂಡಿ ಕೈಕೊಟ್ಟಿದ್ದರೂ ಬಾಯಿ ಗಟ್ಟಿಯಾಗಿಯೇ ಇತ್ತು.

"ಚುಚ್ಚಿ ಚುಚ್ಚಿ ಗರ್ಭದ ಶಕ್ತಿನೆಲ್ಲ ಇಳಿಸವ್ನೆ. ಅದೂ ಎಂಥೋರ ಮನೆ ಹುಡುಗನ ಕೈಲಿ ಮುಟ್ಟಿಸ್ಕೊಳ್ಳಾದು!"

ನನಗೆ ಮೈ ಉರಿಯಿತು. ಸಿದ್ಧಾರ್ಥನ ಕ್ಲಿನಿಕ್ಕಿನಲ್ಲಿರುವ ಬುದ್ಧನ ಫೋಟೊ ಈ ಮನೆಯವರಿಗೆ ಸೂಜಿಗಿಂತ ಹೆಚ್ಚು ಚುಚ್ಚುತ್ತದೆಂದು ಗೊತ್ತಿತ್ತು. ಅದನ್ನೇ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಮಾಲಿನಿ ನನ್ನ ಕಾಲು ತುಳಿದಳು.

"ನೆಂಟರು ಬಂದಾಗ ಫ್ರಿಜ್ಜಲ್ಲಿ ಜಾಗ ಸಾಕಾಯ್ತಾ ಅಮ್ಮ?" ಎಂದು ಕೇಳಿದಳು.

"ಸಾಕಾಯ್ತು ಕಣವ್ವ. ಇವಳ ಡಬ್ಬ ಇರ್ತಿದ್ದ ಕೆಳಗಿನ ಖಾನೇಲೇ ಮೊಸರಿನ ಪಾತ್ರೆ ಇಟ್ಟೆ. ಡಬ್ಬ ಇರಲಿಲ್ಲ. ಇವಳೇ ಎತ್ಕೊಂಡು ಹೋಗವಳೆ ಅನ್ಕೊಂಡೆ."

ಬಚ್ಚಲುಮನೆಯಲ್ಲಿ ನೀರೊಲೆ ಉರಿಯುತ್ತಿತ್ತು. ಅದರ ಮೇಲೆ ಹೆಂಚಿನಡಿಗೆ ಕೊಬ್ಬರಿ ಅಟ್ಟ, ಹತ್ತಲು ಒಂದು ಏಣಿ. ಮಾಲಿನಿ ಏಣಿಗೆ ಕೈ ಹಾಕಿದಳೋ ಇಲ್ಲವೋ, ಮಹದೇವಮ್ಮ ಕೂಗಿದರು. "ಹತ್ಬೇಡ ಕಣವ್ವ! ಕಾಯಿ ಒಣಗಿ ಕೊಬ್ಬರಿ ಆಗೋ ತನಕ ಹೆಂಗಸ್ರು ಮೇಲೆ ಕಾಲಿಡಬಾರ್ದು. ನಮ್ಮನೆ ಕಟ್ಟಳೆ. ಇವಳೂ ಬಂದಾಗಿಂದ ಒಂದು ದಿನ ಹತ್ತಿಲ್ಲ. ಲೋಡು ಹೋಗೋ ದಿನ ಬಿಟ್ರೆ ಆಳುಗಳನ್ನೂ ಬಿಡಲ್ಲ."

ಗೇಟಿನವರೆಗೆ ಬಂದು ಬೀಳ್ಕೊಟ್ಟವನು ಅರುಣಾಳ ಗಂಡ ಉದಯಕುಮಾರ್. ಹೆಂಡತಿಯನ್ನು ಪ್ರತಿ ಸಲ ಬೆಂಗಳೂರಿಗೆ ತಾನೇ ಕರೆದೊಯ್ಯುತ್ತಿದ್ದ ಮೆದು ಮಾತಿನವನು.

"ಔಷಧಿ ಫ್ರಿಜ್ಜಲ್ಲೇ ಇತ್ತು ಮೇಡಂ. ನೆಂಟರಿಗೆ ತಣ್ಣೀರು ತೆಗೆದಾಗೆಲ್ಲ ನಾನೇ ನೋಡಿದೀನಿ. ಅಮ್ಮನ ಮಾತಿಗೆ ಬೇಜಾರು ಮಾಡ್ಕೋಬೇಡಿ," ಎಂದ. ಪಾಪ, ಒಳ್ಳೆಯವನು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅದೇ ಹಜಾರದಲ್ಲಿ ಎಲ್ಲರೂ ಸೇರಿದರು. ದೇವೀರಪ್ಪನವರು ಊರುಗೋಲು ಹಿಡಿದು ಕುಳಿತಿದ್ದರು. ಸಿದ್ಧಾರ್ಥನನ್ನು ಕರೆಸಿ ನಿಲ್ಲಿಸಿದ್ದರು, ಕೂರು ಎಂದವರಿಲ್ಲ. ಮಾಲಿನಿ ತನ್ನ ಕುರ್ಚಿಯನ್ನೇ ಅವನ ಮುಂದೆ ಎಳೆದಿಟ್ಟಳು.

"ಕೂತ್ಕೊಳ್ಳಪ್ಪ. ಇವತ್ತು ಉತ್ತರ ಹೇಳಬೇಕಾದವನು ನೀನಲ್ಲ." ಆಮೇಲೆ ಹಿರಿಯರತ್ತ ತಿರುಗಿದಳು. "ಸೂಜಿ ಮೊದಲ ಸ್ಕ್ಯಾನಿಗೆ ಮುಂಚೆನೂ ಇತ್ತು, ಆಮೇಲೂ ಇತ್ತು. ಬದಲಾದದ್ದು ಔಷಧಿ. ತಣ್ಣಗಿರಬೇಕಾದದ್ದು ಎಲ್ಲೋ ಕಾದು ಕೆಟ್ಟಿದೆ. ಡಬ್ಬದ ಮಡಿಕೇಲಿ ಇಲ್ಲಣ ಇದೆ. ಈ ಮನೇಲಿ ಸೌದೆ ಒಲೆ ಇರೋದು ಬಚ್ಚಲಲ್ಲಿ, ಅದರ ಮೇಲಿರೋದು ಕೊಬ್ಬರಿ ಅಟ್ಟ. ಈ ಬಿಸಿಲಿಗೆ ಅಲ್ಲಿ ಕಾಯೇ ಬೇಯುತ್ತೆ."

"ನಾನಲ್ಲ ಕಣವ್ವ!" ಎಂದರು ಮಹದೇವಮ್ಮ.

"ನೀವಲ್ಲ ಅಂತ ಗೊತ್ತು. ಡಬ್ಬ ಫ್ರಿಜ್ಜಲ್ಲಿ ಇರಲಿಲ್ಲ ಅಂದವರು ನೀವು. ಇತ್ತು ಅಂದವರು ಉದಯಕುಮಾರ್. ಒಬ್ಬರದು ಸುಳ್ಳು. ಸೂಜಿ ಮೇಲೆ ದೂರು ಹೊರಿಸೋಕೆ ಹೊರಟ ನೀವು, ಔಷಧಿ ಕಾಣೆಯಾಗಿತ್ತು ಅಂತ ಹೇಳಿ ನಿಮ್ಮ ದೂರನ್ನ ನೀವೇ ಯಾಕೆ ಕೆಡಿಸ್ಕೊಳ್ತೀರಿ? ನೋಡಿದ್ದನ್ನ ಹೇಳಿದಿರಿ, ಅಷ್ಟೇ. ನಿಮ್ಮ ಮಂಡಿಗೆ ಆ ಏಣಿ ಆಗದು. ಅರುಣಾ ಅಟ್ಟ ಹತ್ತೋ ಹಾಗಿಲ್ಲ. ಯಜಮಾನರಿಗೆ ಊರುಗೋಲು. ಆಳುಗಳು ಬರಲ್ಲ. ಉಳಿದವರು ಒಬ್ಬರೇ."

ಎಲ್ಲರೂ ಉದಯಕುಮಾರನತ್ತ ತಿರುಗಿದರು.

"ಎರಡು ದಿನದ ಮಾತು ಅನ್ಕೊಂಡೆ," ಎಂದ. "ಫ್ರಿಜ್ಜು ತೆಗೆದ್ರೆ ನೆಂಟರ ಕಣ್ಣಿಗೆ ಬೀಳುತ್ತೆ, ಯಾರಿಗೆ ಏನು ಅಂತ ಕೇಳ್ತಾರೆ. ಅಟ್ಟಕ್ಕೆ ಯಾರೂ ಬರಲ್ಲ ಅಂತ ಇಟ್ಟೆ. ಅವರು ಹೋದಮೇಲೆ ವಾಪಸ್ ಇಟ್ಟೆ. ಕೆಟ್ಟಿದೆ ಅಂತ ಗೊತ್ತಾದಾಗ ಹೇಳೋಕೆ ಬಾಯಿ ಬರಲಿಲ್ಲ."

"ಸಿದ್ಧಾರ್ಥನ ತಲೆಗೆ ಕಟ್ಟುವಾಗ ಸುಮ್ಮನಿರೋಕೆ ಮಾತ್ರ ಬಂತಲ್ಲ!" ಎಂದೆ ನಾನು. ಆಗ ಮಾಲಿನಿ ನನ್ನ ಕಾಲು ತುಳಿಯಲಿಲ್ಲ.

"ನೆಂಟರು ಕೇಳಿದ್ರೆ ಏನಾಗ್ತಿತ್ತೋ?" ದೇವೀರಪ್ಪನವರು ಗುಡುಗಿದರು. "ಸೊಸೆಗೆ ತೊಂದರೆ ಇರೋದು ಊರಿಗೇ ಗೊತ್ತು!"

ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದ ಅರುಣಾ ಮುಂದೆ ಬಂದು ಗಂಡನ ಎದುರು ನಿಂತಳು. "ಇಷ್ಟು ವರ್ಷ ನಿಮ್ಮ ಮರ್ಯಾದೆಗೆ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ್ಲೂ ನಾನು ಹೇಳಲ್ಲ. ನೀವೇ ಹೇಳಿ."

ಅವನು ತಾಯಿಯನ್ನು ನೋಡಿದ, ತಂದೆಯನ್ನು ನೋಡಿದ. "ಕೊರತೆ ನನ್ನದು ಅಪ್ಪ. ಮೊದಲಿಂದಲೂ ನನ್ನದೇ. ಇವಳಿಗೆ ಏನೂ ಇಲ್ಲ."

ಮಹದೇವಮ್ಮ ಸೆರಗು ಬಾಯಿಗೊತ್ತಿಕೊಂಡರು. ಬೀಗದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ದೇವೀರಪ್ಪನವರು ಊರುಗೋಲೂರಿ ಎದ್ದು ಸಿದ್ಧಾರ್ಥನಿಗೆ, "ಅಂಗಡಿ ತೆಗೆಯಪ್ಪ, ನಮ್ಮಿಂದ ತಪ್ಪಾಯ್ತು," ಎಂದರು.

"ಇನ್ನೊಂದು ಸಲ ಇಂಜೆಕ್ಷನ್ ತಗೋಬೇಕೋ ಬೇಡವೋ ನಾನು ಯೋಚಿಸಿ ಹೇಳ್ತೀನಿ," ಎಂದಳು ಅರುಣಾ ಗಂಡನಿಗೆ. "ಅಲ್ಲಿವರೆಗೆ ಬುಧವಾರ ನಾನು ಸೂಜಿಗೆ ಹೋಗ್ತೀನಿ. ನೀವೂ ಬರ್ತೀರಿ. ಹೊರಗೆ ಬೆಂಚ್ ಮೇಲೆ ಕೂತ್ಕೊಳ್ಳಿ. ಯಾರು ಏನು ಕೇಳಿದ್ರೂ ನೀವೇ ಉತ್ತರ ಕೊಡಿ."

ಆ ಬುಧವಾರ ನಾನು ಬ್ಯಾಂಕಿನಿಂದ ಬೇಕೆಂದೇ ಆ ರಸ್ತೆಯಲ್ಲಿ ಬಂದೆ. ಉದಯಕುಮಾರ್ ಬೆಂಚಿನ ಮೇಲೆ ಕೂತಿದ್ದ. ಮಂಡಿಯ ಲಕ್ಕಪ್ಪ ಸೈಕಲ್ ನಿಲ್ಲಿಸಿ, "ಏನ್ ಸಾವ್ಕಾರ್ರೆ ಇಲ್ಲಿ? ಅಮ್ಮಾವ್ರಿಗೆ ಹುಷಾರಿಲ್ವಾ?" ಎಂದು ಕೇಳುತ್ತಿದ್ದ.

ಉದಯಕುಮಾರನ ಮುಖ ಕೆಂಪಾಯಿತು. ಆದರೂ ತಲೆ ಎತ್ತಿದ.

"ಅವಳು ಹುಷಾರಾಗವಳೆ ಲಕ್ಕಪ್ಪ. ತೊಂದರೆ ನಂದು," ಎಂದ.