ಶೆಡ್ಡಿಗೊಂದು ಹೊದಿಕೆ

“ಆ ದಪ್ಪದ್ದು ಬೇಡಪ್ಪಾ! ಈ ತೆಳ್ಳಗಿರೋದೇ ಇರ್ಲಿ!”

ಕಪ್ಪೆ ಬೆಳ್ಳಿ ಬಣ್ಣದ ಹಾಳೆಯನ್ನು ಅವುಚಿಕೊಂಡು ಕೂತುಬಿಟ್ಟಳು.

ಕಪ್ಪೆ ಅಂದರೆ ಕೆರೆಯ ಕಪ್ಪೆಯಲ್ಲ ಮತ್ತೆ! ಐದನೇ ಕ್ಲಾಸಿನ ಹುಡುಗಿ. ಅವಳು ಹಾಡುವುದನ್ನು ಕೇಳಲಾರದೆ ಅಣ್ಣ ಇಟ್ಟ ಹೆಸರು ಅದು.

ಅಪ್ಪನದು ಸೈಕಲ್ ರಿಪೇರಿ ಶೆಡ್. ಸೂರು, ಗೋಡೆ ಎಲ್ಲಾ ತಗಡು. ಬಿಸಿಲೇರಿದರೆ ಒಳಗೆ ಕಾದ ಕಾವಲಿಯೇ ಸೈ. ಸ್ಪ್ಯಾನರ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ತಗಡಿಗೆ ಒಳಗಿನಿಂದ ಹೊದಿಸಲು ಶೀಟ್ ಮಾರುವ ಮಾಮ ಎರಡು ಸ್ಯಾಂಪಲ್ ತಂದಿದ್ದರು.

“ಈ ತೆಳ್ಳಗಿರೋದು ಬಬಲ್ ಶೀಟು, ಬಿಸಿಲನ್ನ ಸ್ವಲ್ಪ ತಡೆಯುತ್ತೆ. ಈ ದಪ್ಪ ಗ್ಲಾಸ್ ವುಲ್ ನೋಡಿ, ಒಳ್ಳೇ ಹಾಸಿಗೆ! ಸೆಖೆನೂ ಇಲ್ಲ, ಮಳೆ ಸದ್ದೂ ಇಲ್ಲ.”

ಮಳೆ ಸದ್ದಿಲ್ಲ ಅಂದದ್ದೇ ತಡ, ಕಪ್ಪೆ ಬೆಳ್ಳಿ ಹಾಳೆಯನ್ನು ಬಾಚಿಕೊಂಡಿದ್ದಳು. ಮಳೆ ಬಂದು ತಗಡು ಧಡಧಡ ಅನ್ನುವಾಗಲೇ ಅವಳು ಟೈರ್ ರಾಶಿಯ ಹಿಂದೆ ಅಡಗಿ ಗಂಟಲು ಹರಿಯುವಂತೆ ಹಾಡುತ್ತಿದ್ದದ್ದು. ಆಗ ಯಾರಿಗೂ ಕೇಳುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಇನ್ನು ಹಾಡುವುದೆಲ್ಲಿ? ಆದರೆ ಗುಟ್ಟು ಹೇಳುವಂತಿಲ್ಲವಲ್ಲ!

“ಇದು ಕನ್ನಡಿ ಥರ ಹೊಳೆಯುತ್ತೆ. ಕಸ್ಟಮರ್ಸ್ ತಲೆ ಬಾಚ್ಕೋಬಹುದು!” ಎಂದಳು.

“ಸೂರು ನೋಡ್ಕೊಂಡು ತಲೆ ಬಾಚಿದ್ರೆ ಕತ್ತು ಉಳುಕುತ್ತೆ ಕಣೇ,” ಎಂದರು ಅಪ್ಪ.

ದಪ್ಪದ್ದೇ ಗೆದ್ದಿತು. ಶೆಡ್ ತಂಪಾಯಿತು. ಕಪ್ಪೆಯ ಮುಖ ಮಾತ್ರ ಊದಿಕೊಂಡೇ ಇತ್ತು.

ಒಂದು ಸಂಜೆ ಜೋರು ಮಳೆ. ಸೂರಿನ ಮೇಲೆ ಬರೀ ಪಿಸುಪಿಸು. ಕಪ್ಪೆ ಟೈರ್ ರಾಶಿಯ ಹಿಂದೆ ಸಪ್ಪಗೆ ಕೂತಿದ್ದಳು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಭಯಂಕರ ದನಿ! ಅಯ್ಯೋ, ಯಾರ ಕೈ ಚೈನಿಗೆ ಸಿಕ್ಕಿತಪ್ಪಾ?

ಇಣುಕಿದಳು. ಅಪ್ಪ ಚಕ್ರ ತಿರುಗಿಸುತ್ತಾ, ಕಣ್ಣು ಮುಚ್ಚಿ, ತಲೆದೂಗುತ್ತಾ ಹಾಡುತ್ತಿದ್ದರು! ಮಳೆ ಬಂದರೆ ಹಾಡುವುದು ಅವರ ಹಳೇ ಅಭ್ಯಾಸವಿರಬೇಕು. ಸೂರು ಈಗ ಸುಮ್ಮನಾಗಿದೆ ಎನ್ನುವುದನ್ನೇ ಮರೆತಿದ್ದರು.

ಸೈಕಲ್ಲಿಗೆ ಗಾಳಿ ಹೊಡೆಸಲು ಬಂದ, ಮನೆಮನೆಗೆ ಪೇಪರ್ ಹಾಕುವ ಪೇಪರ್ ಅಣ್ಣ ಬಾಗಿಲಲ್ಲೇ ಕಿಸಕ್ಕನೆ ನಕ್ಕ. “ಏನಣ್ಣಾ, ಟ್ಯೂಬಿನ ಜೊತೆ ರಾಗಾನೂ ಪಂಕ್ಚರ್ರಾ?”

ಹಾಡು ತಟ್ಟನೆ ನಿಂತಿತು. ಅಪ್ಪನ ಕಿವಿ ಕೆಂಪಗಾಯಿತು. ತಲೆ ತಗ್ಗಿಸಿ ನಟ್ಟು ಬಿಗಿಯತೊಡಗಿದರು.

ಕಿವಿ ಹಾಗೆ ಬಿಸಿಯಾಗುವುದು ಕಪ್ಪೆಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಒಂದೇ ಮಳೆಯಲ್ಲಿ ಆ ತುದಿಗೆ ಅಪ್ಪ, ಈ ತುದಿಗೆ ತಾನು, ಇಬ್ಬರೂ ಗುಟ್ಟಾಗಿ ಹಾಡಿದ್ದರು!

ಅವಳು ಟೈರ್ ರಾಶಿಯ ಮೇಲೆ ಹತ್ತಿ ನಿಂತು, ಅಪ್ಪ ಬಿಟ್ಟ ಸಾಲಿನಿಂದಲೇ ಹಾಡನ್ನು ಎತ್ತಿಕೊಂಡಳು. ಪೇಪರ್ ಅಣ್ಣ ಎರಡೂ ಕಿವಿ ಮುಚ್ಚಿಕೊಂಡ.

“ಏನೇ, ಮಳೆ ಬಂದಾಗ ನೀನೂ ಇಲ್ಲೇ ಹಾಡ್ತಿದ್ಯಾ?” ಅಪ್ಪ ಬೆರಗಾಗಿ ಕೇಳಿದರು.

ಕಪ್ಪೆ ಹೌದೆಂದು ತಲೆಯಾಡಿಸಿದಳು, ಹಾಡು ನಿಲ್ಲಿಸಲಿಲ್ಲ. ಮುಂದಿನ ಸಾಲಿಗೆ ಅಪ್ಪನೂ ದನಿಗೂಡಿಸಿದರು.