ಲಡಾಖಿನಿಂದ ಇಳಿದು ಬಂದವನು

“ಈ ಮದುವೆ ಬೇಡ, ಗಂಗಾ!”

೧೯೫೭ರ ಆ ಬೆಳಿಗ್ಗೆ ಕೆಂಗೇರಿ ಸ್ಟೇಷನ್ನಿನಲ್ಲಿ ರೈಲಿನಿಂದಿಳಿದ ಮರಿಯಪ್ಪ ಆಡಿದ ಮೊದಲ ಮಾತೇ ಅದು. ಅವಳೊಂದಿಗೆ ನಿಶ್ಚಿತಾರ್ಥ ಮುಗಿಸಿಕೊಂಡು ಲಡಾಖಿನಲ್ಲಿ ಸೈನ್ಯದ ವೈರ್‌ಲೆಸ್ ಕೆಲಸಕ್ಕೆ ಹೋದವನು ಈಗಷ್ಟೇ ರಜೆಯ ಮೇಲೆ ಮರಳಿದ್ದ.

ಅವನನ್ನು ಎದುರುಗೊಳ್ಳಲು ಅಪ್ಪ ಅಂಜಿನಯ್ಯನ ಪಕ್ಕ ನಿಂತಿದ್ದ ಶಿವಗಂಗೆಗೆ ಕಿವಿಯನ್ನೇ ನಂಬಲಾಗಲಿಲ್ಲ.

“ಯಾಕೆ?... ನಾನೇನು ತಪ್ಪು ಮಾಡ್ದೆ?”

ಅವನು ತಲೆ ತಗ್ಗಿಸಿಕೊಂಡು ತನ್ನೂರು ಹೆಗ್ಗನಹಳ್ಳಿಯ ಕಡೆ ಹೊರಟುಬಿಟ್ಟ.

ಲಡಾಖಿನಲ್ಲಿ ಬೇರೆ ಹುಡುಗಿ ಸಿಕ್ಕಿರಬೇಕು ಎಂದರು ಊರವರು. ಅಂಜಿನಯ್ಯ ಬೇರೆ ಗಂಡು ಹುಡುಕತೊಡಗಿದ. ಶಿವಗಂಗೆ ಮಾತ್ರ ರೈಲು ಕೂಗಿದಾಗಲೆಲ್ಲ ರಾಗಿ ಬೀಸುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಕೋಪ ಬರಬೇಕಿತ್ತು... ಬರುತ್ತಿರಲಿಲ್ಲ. ಒಮ್ಮೆ ಅವನ ಮುಖ ನೋಡಿದರೆ ಸಾಕು ಅನ್ನಿಸುತ್ತಿತ್ತು!

ಕೊನೆಗೆ ತಡೆಯಲಾರದೆ, ಅಪ್ಪನಿಗೆ ಹೇಳದೆ ಹೆಗ್ಗನಹಳ್ಳಿಗೆ ಹೋದಳು. ಮರಿಯಪ್ಪನ ತಾಯಿ ಮುನಿತಾಯಮ್ಮ ಬಾಗಿಲಲ್ಲೇ ಅವಳ ಕೈ ಹಿಡಿದು ಅತ್ತಳು.

“ನೀನಾದ್ರೂ ಕೇಳವ್ವ. ನನ್ ಹತ್ರ ಬಾಯೇ ಬಿಡಲ್ಲ ಇವ್ನು.”

ಹಿತ್ತಲಲ್ಲಿ ಕೂತಿದ್ದ ಮರಿಯಪ್ಪ ಅವಳನ್ನು ಕಂಡು ತಟ್ಟನೆ ಎದ್ದ.

“ಬೇರೆ ಯಾರಾದ್ರೂ ಇದಾರಾ? ನಿಜ ಹೇಳಿ, ಹೊರಟೋಗ್ತೀನಿ” ಎಂದಳು ಶಿವಗಂಗೆ.

“ಯಾರೂ ಇಲ್ಲ ಗಂಗಾ...” ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. “ಅಲ್ಲಿ ಎತ್ತರ ಜಾಸ್ತಿ, ಗಾಳಿ ತೆಳು. ಮೇಲಿನ ಠಾಣೆಗೆ ಹೋದ ಮಾರನೇ ದಿನ ಎದೆಯೊಳಗೆ ಗೊರಗೊರ ಸದ್ದು. ಕೆಮ್ಮಿದ್ರೆ ಕೆಂಪು ನೊರೆ! ಶ್ವಾಸಕೋಶದ ರಕ್ತನಾಳ ಬಿಗಿದು ನೀರು ತುಂಬ್ಕೊಂಡಿದೆ, ಹೃದಯದ ಬಲಭಾಗ ಊದಿದೆ ಅಂದ್ರು ಮಿಲಿಟ್ರಿ ಡಾಕ್ಟ್ರು. ನನ್ ಜೊತೆಗಿದ್ದವನು ಕೆಳಗೆ ತರೋಷ್ಟ್ರಲ್ಲೇ ಹೋಗ್ಬಿಟ್ಟ. ನಾನೂ ಯಾವಾಗ್ಲೋ... ತಾಳಿ ಕಟ್ಟಿ ನಿನ್ನ ನಡುನೀರಲ್ಲಿ ಬಿಟ್ಟು ಹೋಗ್ಲಾ?”

‘ಇಷ್ಟು ದಿನ ಒಬ್ಬರೇ ಹೆದರಿಕೊಂಡು ಕೂತಿದ್ದರಲ್ಲ!’ ಎಂದುಕೊಂಡು ಶಿವಗಂಗೆ ಅವನ ಹತ್ತಿರ ಹೋಗಿ ನಿಂತಳು.

“ಇರೋವಷ್ಟು ದಿನ ಜೊತೇಲಿರೋಣ. ನಿಮ್ಮನ್ನ ಬಿಟ್ಟು ನಂಗೆ ಬೇರೆ ಬದುಕು ಬೇಡ. ನಡೀರಿ, ಪೇಟೆ ಡಾಕ್ಟ್ರಿಗೆ ತೋರಿಸೋಣ.”

ಮುನಿತಾಯಮ್ಮನೂ ಜೊತೆಗೆ ಹೊರಟಳು. ಪೇಟೆಯ ಡಾಕ್ಟರು ಅವನ ಎದೆಯ ಬಡಿತವನ್ನು ಬಹಳ ಹೊತ್ತು ಆಲಿಸಿ, ಎಕ್ಸ್‌ರೇ ನೋಡಿ ನಕ್ಕರು.

“ಕೆಳಗೆ ಇಳಿದದ್ದೇ ಔಷಧಿ ಕಣಪ್ಪ. ಶ್ವಾಸಕೋಶದಲ್ಲಿ ನೀರಿಲ್ಲ, ಹೃದಯ ಮೊದಲಿನ ಹಾಗಾಗಿದೆ. ಆ ಎತ್ತರಕ್ಕೆ ಮಾತ್ರ ಮತ್ತೆ ಹೋಗ್ಬೇಡ, ಸೈನ್ಯದವರಿಗೆ ಚೀಟಿ ಬರ್ಕೊಡ್ತೀನಿ. ಮದುವೆ ಮಾಡ್ಕೊ!”

ಹೊರಗೆ ಬಂದ ಮೇಲೆ ಮರಿಯಪ್ಪ ಮೆಲ್ಲಗೆ ಹೇಳಿದ, “ಗಂಗಾ... ಅಲ್ಲಿ ಉಸಿರು ಸಿಗದೆ ಒದ್ದಾಡೋವಾಗ ನಿನ್ನ ಹೆಸರೇ ಬಾಯಲ್ಲಿತ್ತು.”

ಅವಳ ಕಣ್ಣು ತುಂಬಿ ಬಂತು.

“ಹಾಗಾದ್ರೆ ಮದುವೆ ಆದ್ಮೇಲೆ ನನ್ನನ್ನ ಆ ಹೆಸರಿನ ಬೆಟ್ಟಕ್ಕೇ, ಶಿವಗಂಗೆಗೆ ಕರ್ಕೊಂಡೋಗಿ.”

“ಹತ್ತೋವಾಗ ನಂಗೆ ಉಸಿರು ಕಟ್ಟಿದ್ರೆ?”

“ಕೂತ್ಕೊಳ್ಳೋಣ... ನಂಗೇನೂ ಅವಸರ ಇಲ್ಲ.”