ಹಿಮದ ಬೆಟ್ಟದ ಕೆಳಗೊಂದು ತೆಂಗಿನಮರ

"ಮುಟ್ಬೇಡಿ!"

ವಿಮಾನ ನಿಲ್ದಾಣದ ಬಾಗಿಲಲ್ಲಿ ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಕೂಗಿದವಳು ಪೆಟ್ಟಿಗೆಗಳ ಪಕ್ಕ ನಿಂತಿದ್ದ ಹುಡುಗಿ. ಕಪ್ಪು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದ ಆ ಎತ್ತರದ ಮನುಷ್ಯನ ಮುಂಗೈ ಮೇಲೆ ಅವಳದೊಂದು ಏಟೂ ಬಿದ್ದಾಗಿತ್ತು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು ಮೆಲ್ಲಗೆ ಹೇಳಿದ.

"ಟ್ರಾಲಿ ಮೇಲೆ ಇಡೋಣ ಅಂತ... ನಾನೇ ಕ್ಯಾಮರಾಮನ್."

ಅಯ್ಯೋ! ಗಿರಾಕಿಗೇ ಹೊಡೆದುಬಿಟ್ಟೆನಾ? ಅವಳ ಕಿವಿಯ ತುದಿಯವರೆಗೆ ಬಿಸಿಯಾಯಿತು.

"ಕ್ಷಮಿಸಿ ಸರ್... ನಾನು ಅಂಗಡಿಯವಳು. ಪೆಟ್ಟಿಗೆ ಕಾಯೋಕೆ ಬಂದಿದೀನಿ."

"ಗೊತ್ತಾಯ್ತು," ಎಂದು ಅವನು ಮುಂಗೈ ಉಜ್ಜಿಕೊಂಡ. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಜೊತೆಯಲ್ಲಿದ್ದ ಧ್ವನಿಮುದ್ರಣದವನು ಮಾತ್ರ ಜೋರಾಗಿಯೇ ನಕ್ಕ. ತಂಡದಲ್ಲಿ ಎಲ್ಲರೂ ಅವನನ್ನು ಸೌಂಡಣ್ಣ ಎನ್ನುತ್ತಿದ್ದರು. "ಮದುವೆ ಹೆಣ್ಣನ್ನೂ ಇಷ್ಟು ಜೋಪಾನವಾಗಿ ಕಳಿಸಲ್ಲ ಕಣಮ್ಮ! ನಮ್ಮ ಮೌನಿಗೆ ಹೊಡೆದ್ರೆ ಅವನು ದೂರು ಕೂಡ ಕೊಡಲ್ಲ. ಬಾಯಿ ಇದ್ರೆ ತಾನೇ!"

ಅವಳು ಕೆಲಸ ಮಾಡುತ್ತಿದ್ದುದು ಕ್ಯಾಮರಾಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ದೊಡ್ಡ ಬೆಲೆಯ ಸಾಮಾನು ಹೊರಗೆ ಹೋದರೆ ಅಂಗಡಿಯ ಕಡೆಯವರೊಬ್ಬರು ಜೊತೆಗೆ ಹೋಗಲೇಬೇಕು, ಪೆಟ್ಟಿಗೆ ಬಿಟ್ಟು ಕದಲಬಾರದು. ಸದಾ ಹೋಗುತ್ತಿದ್ದವನು ಕಾಲು ಮುರಿದುಕೊಂಡಿದ್ದರಿಂದ, ಒಂದು ಸಾಕ್ಷ್ಯಚಿತ್ರದ ತಂಡದ ಜೊತೆ ಪರದೇಶಕ್ಕೆ ಹೋಗುವ ಪಾಳಿ ಇವಳಿಗೆ ಬಂದಿತ್ತು.

ಮೊದಲ ವಿಮಾನ, ಮೊದಲ ಪರದೇಶ... ಎದೆಯೊಳಗೆ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತಿತ್ತು.

ಹೊರಡುವ ಮೊದಲು ಕಸ್ಟಮ್ಸ್ ಕೌಂಟರಿನಲ್ಲಿ ಒಂದು ಕೆಲಸವಿತ್ತು. ಪ್ರತಿ ಸಾಮಾನಿನ ಮೇಲೂ ಕೆತ್ತಿರುವ ನಂಬರನ್ನು ಪಟ್ಟಿ ಮಾಡಿ ಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು. ವಾಪಸು ಬರುವಾಗ, ಇವು ಇಲ್ಲಿಂದ ಹೋದವೇ ಹೊರತು ಅಲ್ಲಿ ಕೊಂಡವಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಅವಳ ಪಟ್ಟಿಯಲ್ಲಿ ಮೂವತ್ತನಾಲ್ಕು ಸಾಲುಗಳಿದ್ದವು. ಗುಂಡು ಗುಂಡು ಅಕ್ಷರ. ಗಡಿಬಿಡಿಯಲ್ಲಿದ್ದ ಗುಮಾಸ್ತರು ಎರಡು ಸಾಮಾನು ತೆಗೆಸಿ ನೋಡಿ, ಮೊಹರು ಒತ್ತಿ ಕೊಟ್ಟರು.

ಕ್ಯಾಮರಾಮನ್ ಆ ಹಾಳೆಯನ್ನು ಬಗ್ಗಿ ನೋಡಿದ. "ಮೂವತ್ನಾಲ್ಕು ಸಾಲು... ಒಂದು ಕಡೆನೂ ಹೊಡೆದುಹಾಕಿಲ್ಲ! ನಿಮ್ಮನ್ನ ಪಟ್ಟಿ ಮೇಡಂ ಅಂತ ಕರೀಬಹುದಾ?"

ಹಗಲು ದುಡಿದು, ಸಂಜೆ ತರಗತಿಯಲ್ಲಿ ಓದಿ ಪಾಸಾದವಳು ಅವಳು. ಅವಳ ಅಕ್ಷರವನ್ನು ಹೀಗೆ ಮೆಚ್ಚಿ ನೋಡಿದವರು ಯಾರೂ ಇರಲಿಲ್ಲ. ತಲೆ ತಗ್ಗಿಸಿ, ಹೂಂ ಎಂದಳು.

ವಿಮಾನದಲ್ಲಿ ಅವನ ಸೀಟು ಅವಳ ಪಕ್ಕದಲ್ಲೇ. ಕ್ಯಾಮರಾ ಚೀಲವನ್ನು ಎರಡೂ ಪಾದಗಳ ನಡುವೆ ಒತ್ತಿಕೊಂಡು ಕುಳಿತವಳು ಐದು ಗಂಟೆ ಮೇಲೇಳಲಿಲ್ಲ. ಕೊನೆಗೆ ಅವನೇ ಕಿಟಕಿಯ ಕಡೆ ಮುಖ ಮಾಡಿ ಹೇಳಿದ.

"ಹೋಗಿ ಬನ್ನಿ. ಚೀಲದ ಬೆಲ್ಟು ನನ್ನ ಕಾಲಿಗೆ ಸುತ್ಕೊಂಡಿರ್ತೀನಿ. ಕದ್ದರೆ ನನ್ನನ್ನೂ ಎಳ್ಕೊಂಡು ಹೋಗ್ಬೇಕು."

ಗೊತ್ತಾಗಿಹೋಯಿತಾ ಇವರಿಗೆ! ಅವಳು ನಾಚಿ ನೀರಾಗಿ, ಹೆಚ್ಚುಕಡಿಮೆ ಓಡಿಯೇ ಹೋದಳು.

ಪರದೇಶವೆಂದರೆ ಅವಳಿಗೆ ಹೋಟೆಲಿನ ಒಂದು ಕೋಣೆ. ಆ ದಿನಕ್ಕೆ ಬೇಕಾದಷ್ಟನ್ನು ತಂಡದವರು ಒಯ್ದರೆ, ಉಳಿದ ಪೆಟ್ಟಿಗೆಗಳ ಜೊತೆ ಅವಳು. ಕಿಟಕಿ ತೆರೆದರೆ ಎದುರಿಗೆ ಅಡುಗೆಮನೆಯ ಹೊಗೆಕೊಳವೆ. ಊರಾಚೆ ದೊಡ್ಡ ಸರೋವರವಿದೆ, ಹಿಮದ ಬೆಟ್ಟವಿದೆ ಎಂದು ಕೇಳಿದ್ದೇ ಬಂತು.

ಆದರೆ ಸಂಜೆಗಳಿದ್ದವು. ಅವನು ಬಂದು ನೆಲದ ಮೇಲೆ ಕುಳಿತು ಅವಳ ಜೊತೆ ಕ್ಯಾಮರಾಗಳ ಧೂಳು ಊದುತ್ತಿದ್ದ. ಅವಳು ಪಟ್ಟಿ ಓದುತ್ತಿದ್ದಳು, ಅವನು "ಇದೆ" ಎನ್ನುತ್ತಿದ್ದ. ಅಷ್ಟೇ ಮಾತು. ಅಷ್ಟಕ್ಕೇ ಅವಳು ಇಡೀ ಹಗಲು ಕಾಯುತ್ತಿದ್ದಳು!

ಮೂರನೆಯ ಸಂಜೆ, ಯಾಕೋ, ಯಾರಿಗೂ ಹೇಳದಿದ್ದುದನ್ನು ಅವಳು ಹೇಳಿಬಿಟ್ಟಳು.

"ನಮ್ಮಪ್ಪಂದು ಸಣ್ಣ ಫೋಟೋ ಸ್ಟುಡಿಯೋ. ಹಿಂದಿನ ಪರದೆ ಅಪ್ಪನೇ ಬರೆದಿದ್ದು. ಸರೋವರ, ಹಿಮದ ಬೆಟ್ಟ... ಅದರ ಕೆಳಗೆ ತೆಂಗಿನಮರ!"

"ಹಿಮದ ಬೆಟ್ಟಕ್ಕೆ ತೆಂಗಿನಮರ?"

"ಅಪ್ಪ ಹಿಮ ನೋಡಿರ್ಲಿಲ್ಲ. ತೆಂಗಿನಮರ ನೋಡಿದ್ರು. ಒಂದಿನ ಶಾಲೆಯವರೆಲ್ಲ ಫೋಟೋ ತೆಗೆಸೋಕೆ ಬಂದು ಬಿದ್ದು ಬಿದ್ದು ನಕ್ಕರು. ಯಾರೇ ಇದನ್ನ ಬರೆದೋರು ಅಂತ ನನ್ನ ಕೇಳಿದ್ರು. ನಾನು..."

ಅವಳ ದನಿ ಸಣ್ಣದಾಯಿತು.

"ನಂಗೊತ್ತಿಲ್ಲ ಅಂದೆ. ಅಪ್ಪ ಅಲ್ಲೇ ದೀಪ ಸರಿಮಾಡ್ತಿದ್ರು. ಕೇಳಿಸ್ಕೊಂಡ್ರು. ಏನೂ ಅನ್ನಲಿಲ್ಲ. ಸಾಯೋವರೆಗೂ ಅನ್ನಲಿಲ್ಲ."

ಅವನು ಕೈಯಲ್ಲಿದ್ದ ಮೆತ್ತನೆಯ ಬಟ್ಟೆಯನ್ನು ಮಡಿಸಿ ಅವಳ ಕೈಗೆ ಕೊಟ್ಟ. ಅವಳು ಅದರಲ್ಲೇ ಕಣ್ಣೊರೆಸಿಕೊಂಡಳು. ಲೆನ್ಸ್ ಒರೆಸುವ ಬಟ್ಟೆ!

ಹೊರಡುವ ದಿನ ಬೆಳಿಗ್ಗೆ ಅವನು ಬಾಗಿಲು ತಟ್ಟಿದ.

"ಆ ಉದ್ದ ಲೆನ್ಸ್ ಬೇಕು. ಮೂರು ಗಂಟೆ ಹೊತ್ತು."

"ಚಿತ್ರೀಕರಣ ನಿನ್ನೆಯೇ ಮುಗೀತಲ್ಲ ಸರ್? ಏನಕ್ಕೆ?"

"ಸ್ವಲ್ಪ ಕೆಲಸ ಇದೆ."

ಕೊಡಬಾರದು. ಜೊತೆಗೆ ಹೋಗಬೇಕು. ಆದರೆ ಉಳಿದ ಪೆಟ್ಟಿಗೆಗಳನ್ನು ಬಿಟ್ಟು ಹೋಗುವುದು ಹೇಗೆ? ಅವನ ಮುಖ ನೋಡಿದಳು. ಕೊಟ್ಟಳು. ಹೇಳಿದ ಹೊತ್ತಿಗೆ ಸರಿಯಾಗಿ ಅವನು ತಂದುಕೊಟ್ಟ. ಶೂ ತುಂಬ ಕೆಸರು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ವಾಪಸು ಬಂದಿಳಿದಾಗ ಕೌಂಟರಿನಲ್ಲಿದ್ದವರು ಬೇರೆ. ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದ ಅಧಿಕಾರಿಣಿ. ಅವರು ಒಂದೊಂದನ್ನೂ ತೆರೆಸಿದರು, ಒಂದೊಂದು ನಂಬರನ್ನೂ ಓದಿದರು.

ಇಪ್ಪತ್ತೆರಡನೆಯ ಸಾಲಿಗೆ ಅವರ ಪೆನ್ನು ನಿಂತಿತು.

"ಈ ಲೆನ್ಸ್ ನಂಬರ್ ಬೇರೆ ಇದೆ. ಇದು ಇಲ್ಲಿಂದ ಹೋಗಿದ್ದಲ್ಲ. ಯಾರ ಸುಪರ್ದಿನಲ್ಲಿತ್ತು?"

ಅದೇ ಉದ್ದ ಲೆನ್ಸ್!

ಹಿಂದೆ ಉದ್ದದ ಸಾಲು, ಸುತ್ತ ಎಲ್ಲರ ಕಣ್ಣು. ಕೆಲಸ ಹೋಗುತ್ತದೆ... ಕಳ್ಳಿ ಅನ್ನುತ್ತಾರೆ...

"ನನ್ನ ಹತ್ರಾನೇ ಇತ್ತು. ಆದ್ರೆ... ಹೊರಡೋ ದಿನ ಇವರೊಬ್ಬರೇ ತಗೊಂಡು ಹೋಗಿದ್ರು! ಮೂರು ಗಂಟೆ! ಏನಕ್ಕೆ ಅಂತ ಹೇಳಲೇ ಇಲ್ಲ! ಅಲ್ಲೇ ಬದಲಾಯ್ಸಿರ್ಬೇಕು!"

ಅವಳ ಬೆರಳು ನೇರ ಅವನ ಎದೆಯ ಕಡೆಗಿತ್ತು.

"ಏನಮ್ಮ ಇದು, ಯಾರ ಬಗ್ಗೆ ಮಾತಾಡ್ತಿದೀಯ?" ಎಂದ ಸೌಂಡಣ್ಣ. ಈ ಸಲ ನಗಲಿಲ್ಲ.

ಕ್ಯಾಮರಾಮನ್ ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ.

"ನಾನು ಬದಲಾಯ್ಸಿಲ್ಲ," ಎಂದ.

"ಹಾಗಾದ್ರೆ ಎಲ್ಲಿಗೆ ಹೋಗಿದ್ರಿ?" ಎಂದರು ಅಧಿಕಾರಿಣಿ.

ಅವನು ಬಾಯಿ ತೆರೆದ. ಅವಳತ್ತ ನೋಡಿ ಮುಚ್ಚಿಕೊಂಡ.

ಲೆನ್ಸ್ ಅಲ್ಲೇ ಉಳಿಯಿತು, ಖಾಲಿ ಡಬ್ಬಿ ಮಾತ್ರ ಅಂಗಡಿಗೆ ವಾಪಸು ಬಂತು. ಅವನ ಹೇಳಿಕೆ ಬರೆದುಕೊಂಡರು. ಸುದ್ದಿಗೆ ಕಾಲು ಬಂತು. ಲೆನ್ಸ್ ಬದಲಿಸುವವನಿಗೆ ಸಾಮಾನು ಕೊಡುವುದಿಲ್ಲ ಎಂದು ಊರಿನ ಬಾಡಿಗೆ ಅಂಗಡಿಗಳೆಲ್ಲ ಕೈ ಅಲ್ಲಾಡಿಸಿಬಿಟ್ಟವು. ಅವನ ಮುಂದಿನ ಚಿತ್ರ ಬೇರೆಯವರ ಪಾಲಾಯಿತು.

ನಾನು ಹೇಳಿದ್ದು ನಿಜ ತಾನೇ? ಒಯ್ದಿದ್ದು ನಿಜ ತಾನೇ? ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ನಾಲ್ಕನೆಯ ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ಅಂಥದೇ ಉದ್ದ ಲೆನ್ಸ್ ಕೇಳಿದ. ಅಂಗಡಿಯಲ್ಲಿ ಅದರ ಜೋಡಿ ಇನ್ನೊಂದಿತ್ತು. ಅವಳು ಡಬ್ಬಿಯಿಂದ ಅದನ್ನು ತೆಗೆದಳು. ಲೆನ್ಸಿನ ಕುತ್ತಿಗೆಯ ಮೇಲೆ ಕೆತ್ತಿದ್ದ ನಂಬರು ಕಣ್ಣಿಗೆ ಬಿತ್ತು.

ಆ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಪಟ್ಟಿಯ ಇಪ್ಪತ್ತೆರಡನೆಯ ಸಾಲು!

ಅವಳು ಡಬ್ಬಿಯ ಮೇಲಿನ ಚೀಟಿ ನೋಡಿದಳು. ಅಲ್ಲಿದ್ದದ್ದು ಬೇರೆ ನಂಬರು.

ಈ ಅಂಗಡಿಯ ಮಾಲೀಕರಿಗೆ ಧೂಳೆಂದರೆ ಜೀವಭಯ. ಅವರ ಹಿಂದೆ ಎಲ್ಲರೂ ಅವರನ್ನು ಧೂಳಪ್ಪ ಎನ್ನುತ್ತಿದ್ದರು. ಲೆನ್ಸನ್ನು ಸುಮ್ಮಸುಮ್ಮನೆ ಹೊರಗೆ ತೆಗೆಯಬಾರದೆಂದು, ಪ್ರತಿ ಡಬ್ಬಿಯ ಮೇಲೂ ನಂಬರಿನ ಚೀಟಿ ಅಂಟಿಸಿದ್ದರು. ಅವಳು ಪಟ್ಟಿ ಬರೆಯುತ್ತಿದ್ದುದು ಆ ಚೀಟಿಗಳನ್ನು ನೋಡಿ. ಹೋಗುವ ಮುಂಚಿನ ವಾರ ಎರಡೂ ಲೆನ್ಸುಗಳು ರಿಪೇರಿಯಿಂದ ಬಂದಿದ್ದವು. ಒಂದರ ಡಬ್ಬಿಯಲ್ಲಿ ಇನ್ನೊಂದನ್ನು ಇಟ್ಟವಳು... ಅವಳೇ.

ಅವನಲ್ಲ. ನಾನು. ಬರೆದವಳು ನಾನು, ಇಟ್ಟವಳು ನಾನು, ಬೆರಳು ತೋರಿಸಿದವಳೂ ನಾನೇ!

ಮಾಲೀಕರಿಗೆ ಹೇಳಿದಳು. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಶ್! ಯಾರಿಗೂ ಹೇಳ್ಬೇಡ. ಚೀಟಿ ಅದಲುಬದಲು ಮಾಡು, ಮುಗೀತು. ಅವನ ಹೆಸರು ಹೇಗೂ ಕೆಟ್ಟಿದೆ. ಜೊತೆಗೆ ನಮ್ಮದೂ ಯಾಕೆ ಕೆಡಬೇಕು?"

ಎಷ್ಟು ಸುಲಭ! ಉಗುರಿನಿಂದ ಎರಡು ಚೀಟಿ ಕೀಳಬೇಕು, ಅಷ್ಟೇ. ಅವಳ ಉಗುರು ಚೀಟಿಯ ಅಂಚಿಗೆ ಹೋಯಿತು ಕೂಡ.

ದೀಪ ಸರಿಮಾಡುತ್ತಾ ಬೆನ್ನು ತಿರುಗಿಸಿ ನಿಂತಿದ್ದ ಅಪ್ಪ ನೆನಪಾದರು. ನಂಗೊತ್ತಿಲ್ಲ ಅಂದಿದ್ದೆನಲ್ಲ... ಇನ್ನೊಂದು ಸಲ ಅನ್ನಲಾ?

"ಇಲ್ಲ ಸರ್. ಕೆಲಸ ಹೋದ್ರೆ ಹೋಗ್ಲಿ," ಎಂದಳು. ಮಾಲೀಕರು ಗೊಣಗುತ್ತಲೇ ಲೆನ್ಸನ್ನು ಅವಳ ಕಡೆ ತಳ್ಳಿದರು.

ಮರುದಿನ ಅದೇ ಕೌಂಟರಿನ ಮುಂದೆ ಅವಳು ನಿಂತಿದ್ದಳು. ಕೈಯಲ್ಲಿ ಜೋಡಿ ಲೆನ್ಸು, ರಿಪೇರಿಯವರ ರಸೀತಿ, ಎರಡು ಪುಟದ ತಪ್ಪೊಪ್ಪಿಗೆ. ಸೌಂಡಣ್ಣನಿಗೆ ಫೋನ್ ಮಾಡಿ, "ಅವತ್ತು ಕೇಳಿಸ್ಕೊಂಡವರು ಇವತ್ತೂ ಕೇಳಿಸ್ಕೋಬೇಕು ಅಣ್ಣಾ. ಅವರನ್ನೂ ಕರ್ಕೊಂಡು ಬನ್ನಿ," ಎಂದು ಬೇಡಿಕೊಂಡಿದ್ದಳು. ಇಬ್ಬರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ಅವನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ಕಾಗದ ಕೊಟ್ಟು ಹೋಗಮ್ಮ, ಓದ್ಕೊಳ್ತೀನಿ," ಎಂದರು ಅಧಿಕಾರಿಣಿ.

"ಬಾಯಲ್ಲೂ ಹೇಳ್ಬೇಕು ಮೇಡಂ. ಅವತ್ತು ಜೋರಾಗಿ ಹೇಳಿದ್ದೆ."

ಹೇಳಿದಳು. ಹಿಂದಿನ ಸಾಲಿನವರು ಮಾತು ನಿಲ್ಲಿಸಿದರು. "ಇವರು ಏನೂ ಮಾಡಿಲ್ಲ. ಲೆನ್ಸ್ ನೋಡದೆ, ಡಬ್ಬಿ ನೋಡಿ ಬರೆದವಳು ನಾನು. ನನ್ನ ತಪ್ಪು ಅಂತ ಒಂದು ಕ್ಷಣನೂ ಯೋಚ್ನೆ ಮಾಡ್ದೆ ಇವರ ಕಡೆ ಬೆರಳು ತೋರಿಸ್ದೆ."

ಅಧಿಕಾರಿಣಿ ಎರಡು ಲೆನ್ಸುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ರಸೀತಿಯಲ್ಲಿ ಎರಡೂ ನಂಬರುಗಳಿದ್ದವು. ಕನ್ನಡಕ ತೆಗೆದರು.

"ಈ ಕುರ್ಚಿಲಿ ಕೂತು ಹದಿನೆಂಟು ವರ್ಷ ಆಯ್ತು. ತಪ್ಪು ಹೇಳ್ಕೊಳ್ಳೋಕೆ ಬಂದವಳು ನೀನೇ ಮೊದಲು. ಎರಡು ದಿನ ಬಿಟ್ಟು ಬಾ, ಲೆನ್ಸ್ ಬಿಡಿಸಿ ಕೊಡ್ತೀನಿ. ಇವರ ಹೇಳಿಕೆ ಮೇಲೆ ತಪ್ಪಿಲ್ಲ ಅಂತ ಬರೀತೀನಿ."

ಆಮೇಲೆ ಅವಳು ಹೊರಗಿನ ಕಲ್ಲುಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕುಳಿತಳು. ಸೌಂಡಣ್ಣ ಕೆಮ್ಮಿ, "ಕಾಫಿ ಎಲ್ಲಿ ಸಿಗುತ್ತೆ ನೋಡ್ಕೊಂಡು ಬರ್ತೀನಿ. ನಿಧಾನ ಆಗ್ಬಹುದು," ಎಂದು ಹೋದ.

ಪಕ್ಕದಲ್ಲಿ ಯಾರೋ ಕುಳಿತರು. ಯಾರೆಂದು ನೋಡಬೇಕಾಗಿರಲಿಲ್ಲ.

"ಬೈದುಬಿಡಿ ಸರ್," ಎಂದಳು ಕೈ ತೆಗೆಯದೆಯೇ.

"ಬರಲ್ಲ ನಂಗೆ."

"ಅವತ್ತು ಎಲ್ಲಿಗೆ ಹೋಗಿದ್ರಿ ಅಂತ ಹೇಳಿದ್ರೆ ಬಚಾವಾಗ್ತಿದ್ರಿ. ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕಾದ್ರೆ ನಿಮ್ಮಪ್ಪನ ಪರದೆ ವಿಷಯ ಹೇಳ್ಬೇಕಿತ್ತು. ಅಷ್ಟು ಜನರ ಮುಂದೆ... ಅದು ನೀವು ನಂಗೊಬ್ಬನಿಗೆ ಹೇಳಿದ ಮಾತು."

ಅವಳು ಕೈ ತೆಗೆದಳು.

ಅವನು ಚೀಲದಿಂದ ಒಂದು ಫೋಟೋ ತೆಗೆದು ಅವಳ ಮಡಿಲಲ್ಲಿಟ್ಟ.

ನೀಲಿ ಸರೋವರ. ಆಕಾಶದ ಅರ್ಧ ತುಂಬಿ ನಿಂತ ಹಿಮದ ಬೆಟ್ಟ. ಮತ್ತೆ ಅದರ ಕೆಳಗೆ, ದಂಡೆಯ ತೋಟವೊಂದರಲ್ಲಿ, ಗರಿ ಬಿಚ್ಚಿಕೊಂಡು... ಒಂದು ಮರ!

"ತೆಂಗಲ್ಲ, ಅದರ ದಾಯಾದಿ," ಎಂದ ಅವನು. "ಎರಡು ಗಂಟೆ ಕೆಸರಲ್ಲಿ ಹುಡುಕಿದೆ. ಬೆಟ್ಟ ತುಂಬ ದೂರ. ಮರದ ಹಿಂದಕ್ಕೇ ಎಳ್ಕೊಂಡು ಬರೋಕೆ ಆ ಉದ್ದ ಲೆನ್ಸೇ ಬೇಕಿತ್ತು. ಊರಿಗೆ ಬಂದು ಪ್ರಿಂಟ್ ಹಾಕಿಸಿ ಕೊಡೋಣ ಅಂದ್ಕೊಂಡಿದ್ದೆ." ಅವನು ಬೆರಳಿನಿಂದ ಮರ ತೋರಿಸಿದ. "ನಿಮ್ಮಪ್ಪ ತಪ್ಪು ಬರೆದಿರ್ಲಿಲ್ಲ."

ಅವಳಿಗೆ ಅಳು ಒತ್ತಿ ಬಂತು. ಎಷ್ಟೋ ವರ್ಷದಿಂದ ಅಳದೆ ಉಳಿಸಿಕೊಂಡಿದ್ದದ್ದೆಲ್ಲ ಬಂತು. ಇದನ್ನು ತರಲು ಹೋದವನನ್ನೇ ಕಳ್ಳ ಅಂದೆನಲ್ಲ!

"ನಿಮ್ಮ ಮುಖ ನೋಡೋಕೆ ನಾಚಿಕೆ ಆಗುತ್ತೆ..."

"ನೋಡ್ಬೇಡಿ ಹಾಗಾದ್ರೆ. ಫೋಟೋ ನೋಡಿ. ನಾನು ನಿಮ್ಮನ್ನ ನೋಡ್ಕೊಂಡಿರ್ತೀನಿ. ವಿಮಾನದಲ್ಲೂ ಅದನ್ನೇ ಮಾಡಿದ್ದು."

ಅವನ ಬಾಯಿಂದ ಇಷ್ಟು ಮಾತು! ಕಣ್ಣೀರಿನ ನಡುವೆಯೇ ಅವಳು ತಲೆ ಎತ್ತಿದಳು. ಅವನ ಕಿವಿಗಳು ಕೆಂಪಾಗಿದ್ದವು. ಅವನು ಜೇಬಿನಿಂದ ಅದೇ ಮೆತ್ತನೆಯ ಬಟ್ಟೆ ತೆಗೆದು ಚಾಚಿದ. ಅವಳು ಬಟ್ಟೆಯ ಜೊತೆಗೆ ಕೈಯನ್ನೂ ಹಿಡಿದುಕೊಂಡಳು. ತಾನು ಏಟು ಕೊಟ್ಟಿದ್ದ ಅದೇ ಕೈ.

"ನೋವಾಗಿತ್ತಾ ಅವತ್ತು?"

"ಈಗಲೂ ಇದೆ. ಹಿಡ್ಕೊಂಡಿದ್ರೆ ಕಮ್ಮಿ ಆಗ್ಬಹುದು."

ಅವಳು ಬಿಡಲಿಲ್ಲ.

"ಒಂದಿನ ಅಲ್ಲಿಗೆ ಮತ್ತೆ ಹೋಗೋಣ," ಎಂದ ಅವನು. "ಆ ಸಲ ಕೋಣೇಲಿ ಪೆಟ್ಟಿಗೆ ನಾನು ಕಾಯ್ತೀನಿ. ನೀವು ಹೋಗಿ ಮರ ನೋಡ್ಕೊಂಡು ಬನ್ನಿ."

"ಒಬ್ಬಳೇ ಹೋಗಿ ಏನು ನೋಡ್ಲಿ?"

"ಮತ್ತೆ ಪೆಟ್ಟಿಗೆ?"

ಅವಳು ಫೋಟೋವನ್ನು ಎದೆಗೊತ್ತಿಕೊಂಡು, ಒದ್ದೆ ಕಣ್ಣಲ್ಲೇ ನಕ್ಕಳು.

"ಹೊತ್ಕೊಂಡೇ ಹೋಗೋಣ. ನೀವೊಂದು ಕಡೆ ಹಿಡ್ಕೊಳ್ಳಿ, ನಾನೊಂದು ಕಡೆ."